ನಮ್ಮ ಡಿಜಿಟಲ್ ವೈನಿ

ವೈನಿ ನಿವೃತ್ತರಾದ ಸುದ್ದಿಯನ್ನು ನನಗೆ ಹೇಳಿದ್ದು ಹೈದರಾಬಾದಿನ ಮಣಿಕೊಂಡದಲ್ಲಿರುವ ನಮ್ಮ ಸ್ಟುಡಿಯೋಗೆ ಹೊಸದಾಗಿ ಸೇರಿರುವ ಮೈಸೂರಿನ ಹುಡುಗಿ. "ಮೇಡಂ, ಕ್ರೀಡಾ ಚಾನೆಲ್ಲಿನಲ್ಲಿ ಒಬ್ಬರು ಹಿರಿಯ ಡೈರೆಕ್ಟರ್ ಇದ್ದರಲ್ಲ, ಲೈವ್ ನಡೆಯುವಾಗ ಹೆಡ್‌ಸೆಟ್ಟಿನಲ್ಲಿ ಕನ್ನಡದಲ್ಲೇ ಬೈಯುತ್ತಿದ್ದರಂತೆ, ಅವರು ರಿಟೈರ್ ಆದರು. ನಿಮಗೆ ಪರಿಚಯವಾ?" ಎಂದು ಕೇಳಿದಳು.

"ನನ್ನ ಕ್ಲಾಸ್‌ಮೇಟು" ಅಂದೆ.

ಅವಳು ನನ್ನ ಮುಖ ನೋಡಿದಳು. ನನ್ನ ವಯಸ್ಸನ್ನೂ ಅವರ ವಯಸ್ಸನ್ನೂ ಮನಸ್ಸಿನಲ್ಲೇ ಕೂಡಿಸಿ ಕಳೆದು, ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕು ಹೋದಳು. ತಮಾಷೆಯಲ್ಲ. ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ಆಗ ನಾನು ಇಂಟರ್ ಮುಗಿಸಿದ ಹುಡುಗಿ, ವೈನಿ ನಲವತ್ತು ದಾಟಿದ್ದರು.

ಹೈದರಾಬಾದಿಗೆ ಕಂಪ್ಯೂಟರ್ ಹುಚ್ಚು ಹಿಡಿದಿದ್ದ ಕಾಲ ಅದು. ಅಮೀರ್‌ಪೇಟೆಯಲ್ಲಿ ಕಟ್ಟಡಗಳ ಗೋಡೆ ಕಾಣದಷ್ಟು ಬೋರ್ಡುಗಳು, ಬೋರ್ಡಿನ ತುಂಬ ಜಾವಾ, ಒರಾಕಲ್. ಯಾರ ಮನೆಗೆ ಹೋದರೂ "ಯಾವ ಕೋರ್ಸು?" ಎಂಬುದೇ ಮೊದಲ ಮಾತು. ನನಗೆ ಎಂಜಿನಿಯರಿಂಗ್ ಸೀಟು ಸಿಗಲಿಲ್ಲ. ಗದಗಿನ ಕಡೆಯಿಂದ ಬಂದು ಬಾಲಾನಗರದ ಕಾರ್ಖಾನೆಯಲ್ಲಿ ಕೆಲಸ ಹಿಡಿದಿದ್ದ ನನ್ನ ಅಪ್ಪ ಎಲ್ಲೆಲ್ಲೋ ವಿಚಾರಿಸಿ, ಒಂದು ಕಾಲೇಜಿನಲ್ಲಿ ಹೊಸದಾಗಿ ಶುರುವಾಗಿದ್ದ ಡಿಜಿಟಲ್ ಪ್ರಸಾರದ ಎರಡು ವರ್ಷದ ಡಿಪ್ಲೊಮಾಗೆ ನನ್ನನ್ನು ಸೇರಿಸಿದ. "ಹೆಸರಿನ್ಯಾಗ ಡಿಜಿಟಲ್ ಐತಿ, ನೌಕರಿ ಸಿಕ್ಕ ಸಿಗತೈತಿ" ಎಂಬುದು ಅವನ ನಂಬಿಕೆ.

ಮೊದಲ ದಿನ ತರಗತಿಯಲ್ಲಿ ಕೂತಿದ್ದೆವು. ಇಳಕಲ್ ಸೀರೆ ಉಟ್ಟು, ಹೆಗಲಿಗೆ ಚೀಲ ಹಾಕಿಕೊಂಡ ಹೆಂಗಸೊಬ್ಬರು ಒಳಗೆ ಬಂದರು. ಇಡೀ ತರಗತಿ ದಡಬಡಿಸಿ ಎದ್ದು "ಗುಡ್ ಮಾರ್ನಿಂಗ್ ಮೇಡಂ" ಅಂದಿತು. ಅವರು "ಕೂರ್ಚೋಂಡಿ, ಕೂರ್ಚೋಂಡಿ" ಎಂದು ತೆಲುಗಿನಲ್ಲಿ ಎಲ್ಲರನ್ನೂ ಕೂರಿಸಿ, ತಾವೂ ಬಂದು ನನ್ನ ಪಕ್ಕದಲ್ಲಿ ಕೂತರು. ನಾನು ಮಾತ್ರ ಬಾಯಿ ತೆರೆದು ನೋಡುತ್ತಿದ್ದೆ. ಅವರು ನಮ್ಮದೇ ಕಾಲೊನಿಯವರು, ಅಪ್ಪನ ಕಾರ್ಖಾನೆಯ ಅಸೆಂಬ್ಲಿ ಶಾಪಿನ ಫೋರ್‌ಮನ್ ಹೆಂಡತಿ. ತಾವು ಕಾಲೇಜು ಸೇರುವ ಸಂಗತಿಯನ್ನು ಅವರು ಕಾಲೊನಿಯಲ್ಲಿ ಯಾರಿಗೂ ಹೇಳಿರಲಿಲ್ಲ.

"ದೊಡ್ಡವ್ವಾ, ನೀವು ಇಲ್ಲಿ?" ಅಂದೆ.

"ಕ್ಲಾಸಿನ್ಯಾಗ ದೊಡ್ಡವ್ವ ಅಂದ್ರ ಬೆನ್ನ ಮ್ಯಾಲ ಒಂದು ಬೀಳತೈತಿ ನೋಡು. ನಿಮ್ಮಪ್ಪ ವೈನಿ ಅಂತಾನಲ್ಲ, ನೀನೂ ಹಂಗ ಅನ್ನು."

ಹೀಗೆ ಅವರು ನನಗೂ ವೈನಿ, ಅಂದರೆ ಅತ್ತಿಗೆ, ಆದರು. ತೆಲುಗು ಹುಡುಗರಿಗೆ ಅದು ತಮ್ಮ "ವದಿನ" ಎಂದು ಕೇಳಿಸಿತು, ಊರಿನ ಹಳೆ ಭಾಗದಿಂದ ಬರುತ್ತಿದ್ದ ಉರ್ದು ಮಾತಿನ ಹುಡುಗರು "ಭಾಭಿ" ಅಂದರು. ಅವರ ನಿಜವಾದ ಹೆಸರು ಹಾಜರಿ ಕರೆಯುವಾಗ ಮಾತ್ರ ಕೇಳುತ್ತಿತ್ತು. ಆಗಲೂ ಯಾರದು ಈ ಹೆಸರು ಎಂದು ಒಂದಿಬ್ಬರು ಹಿಂದೆ ತಿರುಗಿ ನೋಡುತ್ತಿದ್ದರು.

ಅವರು ಸೇರಿದ ಕಥೆಯನ್ನು ಬಸ್ಸಿನಲ್ಲಿ ನನಗೆ ಹೇಳಿದ್ದರು. ಮಗಳ ಅಡ್ಮಿಷನ್ನಿಗೆಂದು ಕಾಲೇಜು ಕಾಲೇಜು ತಿರುಗುತ್ತಿದ್ದಾಗ ಈ ಕಾಲೇಜಿಗೂ ಬಂದಿದ್ದರಂತೆ. ಮಗಳು ಕಂಪ್ಯೂಟರ್ ವಿಭಾಗದಲ್ಲಿ ವಿಚಾರಿಸುತ್ತಿದ್ದಾಗ ಇವರು ಸುಮ್ಮನೆ ಓಡಾಡುತ್ತ ಬಾಗಿಲು ತೆರೆದಿದ್ದ ಸ್ಟುಡಿಯೋ ಕಂಡು ಒಳಗೆ ಇಣುಕಿದರು. ಗೋಡೆಯ ಮೇಲೆ ಸಾಲಾಗಿ ಟಿವಿಗಳು, ಒಂದೊಂದರಲ್ಲಿ ಒಂದೊಂದು ಚಿತ್ರ. ಅಲ್ಲಿದ್ದ ಉಪನ್ಯಾಸಕರನ್ನು ಕೇಳಿದರು: "ಮನ್ಯಾಗ ನಮಗ ಒಂದ ಚಿತ್ರ ಬರತೈತಲ್ರಿ. ಇಷ್ಟರಾಗ ಯಾವ್ದು ಬರಬೇಕು ಅಂತ ಯಾರು ಹೇಳ್ತಾರ?"

ಸರ್ ಒಂದು ಕುರ್ಚಿ ತೋರಿಸಿ, "ಅಲ್ಲಿ ಕೂತವರು" ಎಂದರಂತೆ.

"ಆ ಕುರ್ಚಿ ಮ್ಯಾಲ ಕುಂದ್ರಾಕ ಏನು ಓದಿರಬೇಕ್ರಿ?"

ಪಿಯುಸಿ ಆಗಿದ್ದರೆ ಸಾಕು ಎಂದರು ಸರ್. ಬಾಗಲಕೋಟೆಯಲ್ಲಿ ಪಿಯುಸಿ ಮುಗಿಯುತ್ತಲೇ ಮದುವೆಯಾಗಿ ಹೈದರಾಬಾದಿಗೆ ಬಂದವರು ವೈನಿ. ಮಗಳು ಬೇರೆಲ್ಲೋ ಎಂಜಿನಿಯರಿಂಗ್ ಸೇರಿ ಹಾಸ್ಟೆಲಿಗೆ ಹೋದಳು, ತಾಯಿ ಇಲ್ಲಿ ಸೇರಿದರು.

ಗಂಡ ಕೆಟ್ಟವರಲ್ಲ. ಮಾತು ಕಮ್ಮಿ. ಆದರೆ ಈ ಸುದ್ದಿ ಕೇಳಿದ ಮೇಲೆ ಆ ಕಮ್ಮಿ ಮಾತೂ ನಿಂತುಹೋಯಿತಂತೆ. ಕೊನೆಗೊಮ್ಮೆ ಊಟಕ್ಕೆ ಕೂತಾಗ "ಮಂದಿ ನಗತಾರ" ಅಂದರಂತೆ.

"ನಗಲಿ ಬಿಡ್ರಿ. ಅವರು ಟೀವಿ ಮುಂದ ಕುಂತು ನಗೋ ಮಂದಿ, ನಾನು ಹಿಂದ ಇರ್ತೀನಿ" ಎಂದು ಇವರು ಮತ್ತೊಂದು ರೊಟ್ಟಿ ಬಡಿಸಿದರಂತೆ.

ತರಗತಿಯಲ್ಲಿ ಅವರು ಪ್ರಶ್ನೆ ಕೇಳುವ ರೀತಿಗೆ ನಾವೆಲ್ಲ ಕಾದು ಕೂತಿರುತ್ತಿದ್ದೆವು. ಒಮ್ಮೆ ಸರ್ ಡಿಜಿಟಲ್ ಚಿತ್ರವನ್ನು ಹೇಗೆ ಕುಗ್ಗಿಸಿ ಕಳಿಸುತ್ತಾರೆ ಎಂದು ವಿವರಿಸುತ್ತಿದ್ದರು. ಪ್ರತಿಸಲವೂ ಇಡೀ ಚಿತ್ರ ಕಳಿಸುತ್ತ ಕೂತರೆ ದಾರಿ ಸಾಲುವುದಿಲ್ಲ. ಅದಕ್ಕೆ ಒಂದು ಸಲ ಪೂರ್ತಿ ಕಳಿಸಿ, ಆಮೇಲೆ ಎಷ್ಟು ಬದಲಾಯಿತೋ ಅಷ್ಟನ್ನೇ ಕಳಿಸುವುದು. ಕದಲದೆ ಇದ್ದದ್ದನ್ನು ಮತ್ತೆ ಕಳಿಸುವ ಅಗತ್ಯವಿಲ್ಲ. ಅಷ್ಟು ಹೇಳುವಷ್ಟರಲ್ಲಿ ವೈನಿ ಕೈ ಎತ್ತಿದರು. ಅವರು ಕೇಳಿದ್ದು ತೆಲುಗಿನಲ್ಲಿ, ಆದರೆ ನೆನೆದಾಗಲೆಲ್ಲ ನನಗೆ ಅವರ ಬಾಗಲಕೋಟೆ ಮಾತಿನಲ್ಲೇ ಕೇಳಿಸುತ್ತದೆ.

"ಅಂದ್ರ ಸರ್, ನಮ್ಮ ಯಜಮಾನ್ರು ಐತವಾರ ಮುಂಜಾನೆ ಪೇಪರ್ ಹಿಡ್ಕೊಂಡು ಕುಂತ್ರ ಅಂದ್ರ, ಅವರನ್ನ ಒಮ್ಮೆ ಕಳಿಸಿದ್ರ ಸಂಜೀ ತನಕಾ ಸಾಕು?"

ತರಗತಿ ನಕ್ಕು ನಕ್ಕು ಬೆಂಚು ಬಡಿಯಿತು. ಸರ್ ಕೂಡ ನಕ್ಕರು. "ಪೇಪರಿನ ಹಾಳೆ ತಿರುವಿದಾಗ ಕೈ ಮಾತ್ರ ಕಳಿಸಬೇಕಮ್ಮಾ" ಅಂದರು. ಆ ಪಾಠವನ್ನು ನಮ್ಮಲ್ಲಿ ಯಾರೂ ಮರೆಯಲಿಲ್ಲ. ಮುಂದಿನ ಬ್ಯಾಚುಗಳಿಗೂ ಸರ್ ಆ ಯಜಮಾನರನ್ನೇ ಕೂರಿಸಿ ಪಾಠ ಮಾಡಿದರಂತೆ.

ಎಲ್ಲವೂ ನಗೆಯಲ್ಲಿ ಮುಗಿಯಲಿಲ್ಲ. ಮೊದಲ ವರ್ಷದ ಪರೀಕ್ಷೆಯಲ್ಲಿ ವೈನಿ ಸಿಗ್ನಲ್ ಪತ್ರಿಕೆಯಲ್ಲಿ ಫೇಲಾದರು. ಅದರಲ್ಲಿದ್ದದ್ದೆಲ್ಲ ಗಣಿತ. ನೋಟಿಸ್ ಬೋರ್ಡಿನ ಮುಂದೆ ಅವರು ನಿಂತಿದ್ದಾಗ ನಾವು ಹುಡುಗಿಯರು ಹಿಂದೆ ಗುಂಪಾಗಿ ನಿಂತಿದ್ದೆವು, ಹತ್ತಿರ ಹೋಗಲು ಧೈರ್ಯವಾಗದೆ. "ಹೋತು" ಅಂದರು, ಅಷ್ಟೇ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ಮೂಸಾಪೇಟೆ ದಾಟುವಾಗ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನೋಡಿದೆ. ಇನ್ನು ಇವರು ಬರುವುದಿಲ್ಲ, ಕಾಲೊನಿಯ ಹೆಂಗಸರಿಗೆ ಮಾತಾಡಿಕೊಳ್ಳಲು ವಿಷಯ ಸಿಕ್ಕಿತು ಎಂದುಕೊಂಡೆ.

ಮಾರನೇ ದಿನ ಬೆಳಿಗ್ಗೆ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು.

"ತಂಗಿ, ಲಾಗರಿದಮ್ ಅಂದ್ರೇನು? ಮೊದಲಿಂದ ಹೇಳು. ನನಗ ಏನೂ ಗೊತ್ತಿಲ್ಲ ಅಂತ ತಿಳಕೊಂಡು ಹೇಳು. ನಾಚಿಕೊಂಡು ಕುಂತ್ರ ಅದೇನು ತಾನಾಗಿ ತಲ್ಯಾಗ ಬರತೈತೇನು?"

ಆ ರಜೆಯೆಲ್ಲ ನಮ್ಮ ಅಡುಗೆಮನೆಯ ಕಟ್ಟೆ ಅವರ ಪಾಠಶಾಲೆ. ನನಗೆ ತಿಳಿದಿದೆ ಎಂದುಕೊಂಡದ್ದೂ ಅವರು "ಯಾಕ?" ಎಂದು ಕೇಳಿದಾಗ ತಡವರಿಸುತ್ತಿತ್ತು. ಇಬ್ಬರೂ ಸೇರಿ ಮತ್ತೆ ಬೇರಿನಿಂದ ಕಲಿತೆವು. ಮರುಪರೀಕ್ಷೆಯಲ್ಲಿ ಅವರಿಗೆ ನಾನು ಮೊದಲ ಸಲ ತೆಗೆದದ್ದಕ್ಕಿಂತ ಹೆಚ್ಚು ಅಂಕ ಬಂತು. ಅಮೀನಗಡದ ಕರದಂಟಿನ ಡಬ್ಬಿಯೊಂದನ್ನು ನನ್ನ ಕೈಗಿಟ್ಟು, "ಗುರುಗಳಿಗೆ ದಕ್ಷಿಣಿ. ಗುರುಗಳು ಮುಂದಿನ ಸಲ ಸ್ವಲ್ಪ ಚಲೋ ಓದಬೇಕು" ಎಂದು ಕಣ್ಣು ಮಿಟುಕಿಸಿದರು.

ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ತರಗತಿ ಅರ್ಧ ಖಾಲಿ. ಕೆಲವರು ಕಾಲ್ ಸೆಂಟರಿಗೆ ಹೋದರು, ಕೆಲವರು ಜಾವಾ ಕಲಿಯಲು ಹೋದರು. ಒಂದು ಬೆಳಿಗ್ಗೆ ಪ್ರಾಂಶುಪಾಲರು ಬಂದು, ಆಡಳಿತ ಮಂಡಳಿ ಈ ಕೋರ್ಸನ್ನು ಮುಚ್ಚಲು ಯೋಚಿಸಿದೆ, ನಿಮ್ಮನ್ನೆಲ್ಲ ಕಂಪ್ಯೂಟರ್ ಡಿಪ್ಲೊಮಾಗೆ ಬದಲಾಯಿಸುತ್ತೇವೆ, ನಿಮಗೇ ಒಳ್ಳೆಯದು, ಎಂದರು. ಅವರ ದನಿಯಲ್ಲಿ ಕೆಡುಕಿರಲಿಲ್ಲ. ಹಲವರು ತಲೆಯಾಡಿಸಿದರು. ನಾನೂ ಆಡಿಸಿದೆ. ಅಪ್ಪನಿಗೆ ಸಂತೋಷವಾಗುತ್ತದೆ ಎಂದುಕೊಂಡೆ.

ವೈನಿ ಎದ್ದು ನಿಂತರು. "ಸರ್, ನಾವೇನು ಕಲಿತೀವಿ ಅಂತ ನೀವು ಒಮ್ಮಿನೂ ನೋಡಿಲ್ಲ. ನೋಡ್ರಿ. ನೋಡಿದ ಮ್ಯಾಲೂ ಮುಚ್ಚಬೇಕು ಅನ್ನಿಸಿದ್ರ ಮುಚ್ಚರಿ."

"ಏನು ತೋರಿಸ್ತೀರಮ್ಮಾ?"

ಆ ಕ್ಷಣದವರೆಗೂ ಅವರಿಗೇ ಗೊತ್ತಿರಲಿಲ್ಲ ಎಂದು ಆಮೇಲೆ ಹೇಳಿದರು. ಬಾಯಿಗೆ ಬಂದದ್ದು ಕಾಲೊನಿಯ ಮೈದಾನದಲ್ಲಿ ನಡೆಯುತ್ತಿದ್ದ ಕಬಡ್ಡಿ. ಕಾರ್ಖಾನೆಯ ಶಾಪುಗಳ, ಅಂದರೆ ವಿಭಾಗಗಳ, ನಡುವಿನ ಪಂದ್ಯಾವಳಿ ಅದು. ಫೈನಲ್ ಬಾಕಿಯಿತ್ತು. "ಲೈವ್ ತೋರಿಸ್ತೀವಿ" ಅಂದುಬಿಟ್ಟರು. ಪ್ರಾಂಶುಪಾಲರು ಸರಿ ಎಂದರು. ಫೈನಲ್ ನೋಡಿದ ಮೇಲೆ ತೀರ್ಮಾನ.

ಲೈವ್ ಎಂದರೆ ತೋರಿಸಲು ಒಂದು ಚಾನೆಲ್ ಬೇಕಲ್ಲ. ಬಾಲಾನಗರದ ಕೇಬಲ್ ಆಪರೇಟರ್ ಹತ್ತಿರ ವೈನಿ ನನ್ನನ್ನು ಎಳೆದುಕೊಂಡು ಹೋದರು. "ಲೈವ್ ಕೈಕೂ ಅಮ್ಮಾ? ರೆಕಾರ್ಡ್ ಕರ್ಕೇ ಲಾವ್, ದಿಖಾದೂಂಗಾ" ಎಂದ ಆತ. ರೆಕಾರ್ಡ್ ಮಾಡಿ ತಂದರೆ ತೋರಿಸುತ್ತೇನೆ, ತಪ್ಪಾದರೆ ತಿದ್ದಬಹುದು ಎಂಬುದು ಅವನ ಲೆಕ್ಕ. "ಲೈವ್‌ಇಚ್ ಹೋನಾ ಭಾಯ್" ಎಂದ ವೈನಿ, ಲೈವೇ ಬೇಕೆಂದು ಹಠ ಹಿಡಿದು ಅಲ್ಲೇ ಸ್ಟೂಲಿನ ಮೇಲೆ ಕೂತರು. ಆತ ಒಪ್ಪುವವರೆಗೆ ಏಳಲಿಲ್ಲ. ಅವನ ಹೆಂಡತಿ ಚಹಾ ತಂದುಕೊಟ್ಟು, "ದೇ ದೋ ಜೀ" ಎಂದು ನಮ್ಮ ಪರವಾಗಿ ಗಂಡನಿಗೆ ಹೇಳಿದಳು.

ಇನ್ನು ಆ ಕುರ್ಚಿಯಲ್ಲಿ ಯಾರು ಕೂರುವುದು? ಸರ್ ಮನಸ್ಸಿನಲ್ಲಿ ಇದ್ದದ್ದು ತರಗತಿಗೆ ಮೊದಲಿಗನಾಗಿದ್ದ ಹುಡುಗ. ವೈನಿಗೆ ಊಟ, ನೀರು, ಜನರನ್ನು ಸಂಭಾಳಿಸುವ ಕೆಲಸ ಬರೆದಿದ್ದರು. ವೈನಿ ನೇರವಾಗಿ ಕೇಳಿದರು: ಎಲ್ಲರಿಗೂ ಒಂದೊಂದು ಸಲ ಕೂರಲು ಕೊಡಿ, ಚೆನ್ನಾಗಿ ಮಾಡಿದವರಿಗೆ ಕುರ್ಚಿ. ಕಾಲೇಜಿನ ಹುಡುಗರ ಫುಟ್‌ಬಾಲ್ ಆಟದ ಮೇಲೆ ಪರೀಕ್ಷೆ ನಡೆಯಿತು. ನಾವೆಲ್ಲ ಚೆಂಡಿನ ಹಿಂದೆ ಓಡಿದೆವು. ಚೆಂಡು ಹೋದಮೇಲೆ ನಮ್ಮ ಚಿತ್ರ ಅಲ್ಲಿಗೆ ತಲುಪುತ್ತಿತ್ತು. ವೈನಿ ಕೂತಾಗ ಚಿತ್ರ ಮೊದಲೇ ಹೋಗಿ ಚೆಂಡಿಗೆ ಕಾದಿರುತ್ತಿತ್ತು.

"ಚೆಂಡು ನೋಡಬ್ಯಾಡ್ರಿ, ಆಡಾವನ ಕಣ್ಣು ನೋಡ್ರಿ. ಅಂವ ಎತ್ತಾಗ ನೋಡ್ತಾನ, ಆಟ ಅತ್ತಾಗ ಬರತೈತಿ" ಎಂದು ನಮಗೆ ಹೇಳಿದರು.

ಸರ್ ಬಹಳ ಮೆಚ್ಚಿ, "ಒಲೆಯ ಮೇಲೆ ನಾಲ್ಕು ಪಾತ್ರೆ ನೋಡಿಕೊಳ್ಳುವವರಿಗೆ ಇದು ಸುಲಭ ಬಿಡಮ್ಮಾ" ಎಂದರು. ವೈನಿಯ ಮುಖ ಬಿಗಿಯಾಯಿತು. "ಅಡಿಗಿ ಬ್ಯಾರೆ, ಇದು ಬ್ಯಾರೆ ಸರ್. ಅಡಿಗಿ ನನಗ ಮೊದಲ ಬರತಿತ್ತು. ಇದನ್ನ ಇಲ್ಲಿ ನಿಮ್ಮ ಹತ್ರ ಕಲತೀನಿ." ಸರ್ "ನಿಜ" ಎಂದರು. ಕುರ್ಚಿ ವೈನಿಗೆ ಬಂತು. ಮೊದಲಿಗ ಹುಡುಗ ಅವರ ಪಕ್ಕದಲ್ಲಿ ಕೂತು, ಅವರು ಹೇಳಿದ ಚಿತ್ರದ ಗುಂಡಿ ಒತ್ತುವವನಾದ. ಮುನಿಸೇನೂ ಇಟ್ಟುಕೊಳ್ಳಲಿಲ್ಲ ಅವನು.

ಫೈನಲ್ ದಿನ ಸಂಜೆ ಕಾಲೊನಿಯೇ ಮೈದಾನಕ್ಕೆ ಬಂದಿತ್ತು. ಅಸೆಂಬ್ಲಿ ಶಾಪಿಗೂ ಮಷೀನ್ ಶಾಪಿಗೂ ಪಂದ್ಯ. ಅಸೆಂಬ್ಲಿ ಎಂದರೆ ವೈನಿಯ ಯಜಮಾನರ ಶಾಪು. ಮೈದಾನದ ಪಕ್ಕದ ಸಾಮಾನು ಕೋಣೆಯೇ ನಮ್ಮ ಕಂಟ್ರೋಲ್ ರೂಮ್. ವೈನಿ ಬೇಗಂ ಬಜಾರಿಗೆ ಹೋಗಿ ಚೌಕಾಸಿ ಮಾಡಿ ತಂದ ರಬ್ಬರ್ ಚಾಪೆಗಳನ್ನು ಕೇಬಲ್ಲುಗಳ ಮೇಲೆ ಹಾಸಿದ್ದೆವು. ಒಂದನೇ ಕ್ಯಾಮೆರಾ ನೀರಿನ ಟ್ಯಾಂಕಿನ ಮೇಲೆ, ಇಡೀ ಅಂಗಳ ಕಾಣುವಂತೆ. ಎರಡನೆಯದು ನನ್ನ ಹೆಗಲ ಮೇಲೆ. ಮೂರನೆಯದನ್ನು ತೆಲುಗು ಹುಡುಗನೊಬ್ಬ ನಡುಗೆರೆಯ ಪಕ್ಕದಲ್ಲಿ ಹಿಡಿದಿದ್ದ. ಸರ್ ಹಠ ಮಾಡಿ ಕಾಲೇಜಿಗೆ ತರಿಸಿದ್ದ ಡಿಸ್ಕ್ ರೆಕಾರ್ಡರೂ ಇತ್ತು. ಟೇಪಿನಂತೆ ನಿಲ್ಲಿಸಿ ಸುತ್ತಬೇಕಿಲ್ಲ, ಚಿತ್ರ ದಾಖಲಾಗುತ್ತಿರುವಾಗಲೇ ಹಿಂದಿನದನ್ನು ತೆಗೆದು ನಿಧಾನವಾಗಿ ತೋರಿಸುವ ಯಂತ್ರ. ಅದನ್ನು ಲೈವಿನಲ್ಲಿ ಯಾರೂ ಬಳಸಿರಲಿಲ್ಲ. ವೈನಿ ಮಾತ್ರ ವಾರವಿಡೀ ಅದರ ಮುಂದೆ ಕೂತು ಅಭ್ಯಾಸ ಮಾಡಿದ್ದರು.

ಮೊದಲರ್ಧ ಚೆನ್ನಾಗಿ ಹೋಯಿತು. ಹೆಡ್‌ಸೆಟ್ಟಿನಲ್ಲಿ ವೈನಿಯ ದನಿ ನನಗೆ ಕನ್ನಡದಲ್ಲಿ, ಮೂರನೇ ಕ್ಯಾಮೆರಾಗೆ ತೆಲುಗಿನಲ್ಲಿ, ಸೌಂಡಿನವನಿಗೆ ಹಿಂದಿಯಲ್ಲಿ ಬರುತ್ತಿತ್ತು, ಒಮ್ಮೆಯೂ ಭಾಷೆ ತಪ್ಪದೆ. ಎರಡನೇ ಅರ್ಧದಲ್ಲಿ ಅಂಕಗಳು ಸಮ ಆದವು. ಜನ ಗೆರೆಯತ್ತ ನುಗ್ಗಿದರು. ಚಾಪೆ ಮುಗಿದು ಬರಿಯ ಕೇಬಲ್ ಇದ್ದ ಕಡೆ ಯಾರದೋ ಕಾಲು ಸಿಕ್ಕಿತು. ಒಂದನೇ ಕ್ಯಾಮೆರಾದ ಚಿತ್ರ ಕಪ್ಪಾಯಿತು.

ಗುಂಡಿ ಒತ್ತುವ ಹುಡುಗ ಹೆಡ್‌ಸೆಟ್ಟಿನಲ್ಲೇ "ವದಿನಾ! ಒನ್ ಪೋಯಿಂದಿ!" ಎಂದು ಚೀರಿದ. ಎಲ್ಲ ಮುಗಿಯಿತು, ಕೋರ್ಸೂ ಮುಗಿಯಿತು ಅನ್ನಿಸಿತು.

"ಒಂದು ಹೋದ್ರ ಎರಡು ಅದಾವು" ಎಂದರು ವೈನಿ, ದನಿ ಏರಿಸದೆ. "ತಂಗಿ, ಇನ್ನ ನೀನ ದೊಡ್ಡ ಕ್ಯಾಮೆರಾ. ಹಿಂದ ಬೆಂಚ್ ಐತಿ, ಅದರ ಮ್ಯಾಲ ಹತ್ತು. ಇಡೀ ಅಂಗಳ ಬೇಕು ನನಗ. ಹತ್ತಿದಿ? ಹಾಂ, ಶಾಬಾಸ್." ಆಮೇಲೆ ಮೂರನೆಯವನಿಗೆ: "ನೇಲ ಮೀದ ಪಡುಕೋ ನಾನ್ನಾ. ಲೈನ್ ವದಲಕು." ನೆಲದ ಮೇಲೆ ಮಲಗು ಕಂದಾ, ಗೆರೆ ಬಿಡಬೇಡ. ಆ ಹುಡುಗ ಹೊಸ ಅಂಗಿಯ ಸಮೇತ ಕೆಂಪು ಮಣ್ಣಿನಲ್ಲಿ ಬೋರಲು ಬಿದ್ದ.

ಕೊನೆಯ ದಾಳಿ. ಮಷೀನ್ ಶಾಪಿನವನೊಬ್ಬ ಅಸೆಂಬ್ಲಿಯ ಅಂಗಳಕ್ಕೆ ನುಗ್ಗಿ ಒಬ್ಬನನ್ನು ಮುಟ್ಟಿದ. ಮರಳುವಾಗ ಮೂವರು ಅವನನ್ನು ಹಿಡಿದು ಕೆಡವಿದರು. ಅವನು ಕಬಡ್ಡಿ ಕಬಡ್ಡಿ ಅನ್ನುತ್ತಲೇ ಮೂವರನ್ನೂ ಎಳೆದುಕೊಂಡು ಮುಂದಕ್ಕೆ ಚಾಚಿದ. ಧೂಳೆದ್ದಿತು. ಅಂಪೈರ್ ಸೀಟಿ ಊದಿ, ಬೆರಳು ನಡುಗೆರೆ ಮುಟ್ಟಿದೆ ಎಂದು ಮಷೀನ್ ಶಾಪಿಗೆ ಅಂಕ ಕೊಟ್ಟರು. ಮುಟ್ಟಿಲ್ಲ ಎಂದು ಅಸೆಂಬ್ಲಿಯವರು ಅಂಗಳಕ್ಕೆ ನುಗ್ಗಿದರು. ಕೊರಳಪಟ್ಟಿಗೆ ಕೈಗಳು ಹೋದವು. ಬೆಂಚಿನ ಮೇಲೆ ನಿಂತು ನಾನು ತೋರಿಸುತ್ತಿದ್ದದ್ದು ಬರಿ ತಲೆಗಳು ಮತ್ತು ಮುಷ್ಟಿಗಳು.

"ಮೂರನೇದು ಹಿಂದಕ್ಕ ತಗಿ. ನಿಧಾನ ಬಿಡು" ಎಂದರು ವೈನಿ.

ಮೈದಾನದ ಗೇಟಿನ ಪಕ್ಕದಲ್ಲಿದ್ದ ಚಹಾದಂಗಡಿಯ ಟಿವಿ ಅದೇ ಚಾನೆಲ್ಲಿನಲ್ಲಿತ್ತು. "ಅರೇ, ಟೀವೀ ಮೇ ದಿಖಾರೈಂ!" ಎಂದು ಯಾರೋ ಕೂಗಿದರು. ಜಗಳ ಬಿಟ್ಟು ಜನ ಅತ್ತ ಓಡಿದರು. ಆ ನೂಕುನುಗ್ಗಲಲ್ಲಿ ಅತಿಥಿಯಾಗಿ ಬಂದಿದ್ದ ನಮ್ಮ ಪ್ರಾಂಶುಪಾಲರೂ ತೇಲಿ ಹೋದರು. ಪರದೆಯ ಮೇಲೆ ಮಣ್ಣಿನ ಮಟ್ಟದಿಂದ ಹಿಡಿದ ಚಿತ್ರ. ಒಂದು ಕೈ ನಿಧಾನವಾಗಿ, ಬಹಳ ನಿಧಾನವಾಗಿ ಮುಂದೆ ಬಂತು. ನಡುಬೆರಳಿನ ತುದಿ ಸುಣ್ಣದ ಗೆರೆಯನ್ನು ಒತ್ತಿತು. ಬಿಳಿ ಪುಡಿ ಎದ್ದದ್ದೂ ಕಂಡಿತು. ವೈನಿ ಅದನ್ನು ಮತ್ತೆ ತೋರಿಸಿದರು. ಮತ್ತೊಮ್ಮೆ.

ಅಸೆಂಬ್ಲಿಯ ನಾಯಕ ಟಿವಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿ, ತಿರುಗಿ ಹೋಗಿ, ಆ ದಾಳಿಕೋರನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಜನ ಕೂಗಿದ ಕೂಗಿಗೆ ಸೌಂಡಿನವನು ಹೆಡ್‌ಸೆಟ್ ಕಿತ್ತುಹಾಕಿದ.

ಆಮೇಲೆ ಚಹಾದಂಗಡಿಯಲ್ಲಿ ನಡೆದದ್ದನ್ನು ಅಪ್ಪ ಹೇಳಿದ. ದಾಳಿಕೋರನನ್ನು ಹಿಡಿದಿದ್ದ ಮೂವರಲ್ಲಿ ಒಬ್ಬ ವೈನಿಯ ಯಜಮಾನರಿಗೆ, "ಏನ್ರೀ ಫೋರ್‌ಮನ್ನರ, ನಿಮ್ಮ ಮನಿಯವರ ನಮ್ಮನ್ನ ಸೋಲಿಸಿದ್ರಲ್ರಿ" ಎಂದನಂತೆ. ಆ ಮಾತು ಕಮ್ಮಿಯ ಮನುಷ್ಯ ಲೋಟ ಕೆಳಗಿಟ್ಟು ಹೇಳಿದರಂತೆ: "ಸೋಲಿಸಿದ್ದು ನಿನ್ನ ಹಿಡಿತ. ಆಕಿ ತೋರಿಸಿದ್ಲು, ಅಷ್ಟ. ಎಂಥಾ ಚಂದ ತೋರಿಸಿದ್ಲು ನೋಡಿದಿಲ್ಲೋ?"

ನಾನು ವೈನಿಯನ್ನು ಕೇಳಿದೆ, ಯಜಮಾನರ ಶಾಪು ಸೋಲುತ್ತದಲ್ಲ, ತೋರಿಸುವುದೋ ಬೇಡವೋ ಅನ್ನಿಸಲಿಲ್ಲವೇ ಎಂದು. "ಅನ್ನಿಸಾಕ ವ್ಯಾಳ್ಯಾ ಎಲ್ಲಿತ್ತು? ಬೆರಳು ಕಾಣಿಸ್ತು, ತೋರಿಸಿದೆ" ಅಂದರು.

ಪ್ರಾಂಶುಪಾಲರು ಮರುದಿನ ತರಗತಿಗೆ ಬಂದು ಚಪ್ಪಾಳೆ ತಟ್ಟುತ್ತಲೇ ಒಳಗೆ ಕಾಲಿಟ್ಟರು. ಕೋರ್ಸು ಮುಚ್ಚಲಿಲ್ಲ. ಮುಂದಿನ ವರ್ಷ ಸೀಟು ಸಿಗದೆ ಮಕ್ಕಳು ವಾಪಸ್ ಹೋದರು. ಕೇಬಲ್ಲಿನ ಭಾಯಿ ಸುತ್ತಮುತ್ತಲಿನ ಆಟಗಳನ್ನೆಲ್ಲ ಲೈವ್ ಮಾಡಿಕೊಡಿ ಎಂದು ಕಾಲೇಜಿಗೇ ಬಂದು ಕೂತ, ಈ ಸಲ ಸ್ಟೂಲಿನ ಮೇಲೆ ಅವನು. ಮುಂದೆ ಊರಿನಲ್ಲಿ ಹೊಸ ಹೊಸ ಚಾನೆಲ್ಲುಗಳು ಹುಟ್ಟಿದವು. ಸಂದರ್ಶನದಲ್ಲಿ ವೈನಿಯನ್ನು ಮಹಿಳೆಯರ ಕಾರ್ಯಕ್ರಮ ಮಾಡುತ್ತೀರಾ ಎಂದು ಕೇಳಿದರಂತೆ. "ಮೈದಾನ ಕೊಡ್ರಿ. ಹೆಣ್ಮಕ್ಕಳು ಅಲ್ಲೂ ಆಡ್ತಾರ" ಎಂದರಂತೆ ಇವರು. ಕೊಟ್ಟರು. ಆಮೇಲೆ ದೊಡ್ಡ ದೊಡ್ಡ ಮೈದಾನಗಳನ್ನು ಅವರು ದೇಶಕ್ಕೆ ತೋರಿಸಿದರು, ನಾವು ಮನೆಯಲ್ಲಿ ಕೂತು ನೋಡಿದೆವು.

ಆದರೆ ನನಗೆ ಈಗಲೂ ಕಣ್ಣಿಗೆ ಕಟ್ಟುವುದು ಡಿಪ್ಲೊಮಾ ಕೊಟ್ಟ ದಿನ. ಸಭಾಂಗಣದಲ್ಲಿ ಮುಂದಿನ ಸಾಲು ಪೋಷಕರಿಗೆ. ಅಪ್ಪ ಅವ್ವಂದಿರ ನಡುವೆ ವೈನಿಯ ಮಗಳು ಬಂದು ಕೂತಿದ್ದಳು. ಸ್ವಯಂಸೇವಕ ಬಂದು, ಇದು ಪೇರೆಂಟ್ಸ್ ಸಾಲು, ಸ್ಟೂಡೆಂಟ್ಸ್ ಹಿಂದೆ ಹೋಗಿ ಎಂದ. "ಸ್ಟೂಡೆಂಟ್ ನಮ್ಮವ್ವ. ನಾನು ಆಕಿ ಕಡೆಯಾಕಿ" ಎಂದು ಅವಳು ಅಲುಗಲಿಲ್ಲ. ಪಕ್ಕದಲ್ಲಿ ಫೋರ್‌ಮನ್ನರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನೆಟ್ಟಗೆ ಕೂತಿದ್ದರು.

ವೈನಿಯ ಹೆಸರು ಕರೆದರು. ಈ ಸಲ ಅದು ಯಾರ ಹೆಸರು ಎಂದು ಯಾರೂ ತಿರುಗಿ ನೋಡಲಿಲ್ಲ. ಮೊದಲು ಎದ್ದದ್ದು ಮಗಳು, ಆಮೇಲೆ ನಾವು, ಆಮೇಲೆ ಸಭಾಂಗಣವೆಲ್ಲ. ವೇದಿಕೆಯ ಮೇಲೆ ಪ್ರಾಂಶುಪಾಲರು ಡಿಪ್ಲೊಮಾ ಚಾಚಿದರು. ವೈನಿ ಅದನ್ನು ಹಿಡಿದವರು ಕೆಳಗೆ ನಿಂತಿದ್ದ ಫೋಟೋಗ್ರಾಫರನ ಕಡೆ ನೋಡಿ, ಮೈಕಿಗೇ ಕೇಳುವಂತೆ ಹೇಳಿದರು:

"ಅಲ್ಲಿಂದ ಬ್ಯಾಡಪಾ, ಸರ್ ಮಾರಿ ಮೈಕಿನ ಹಿಂದ ಮುಚ್ಚೈತಿ. ಎಡಕ್ಕ ಬಾ. ಇನ್ನಾ. ಹಾಂ, ಈಗ ತಗಿ."

ಅವನು ಮರುಮಾತಿಲ್ಲದೆ ಎಡಕ್ಕೆ ಬಂದು ತೆಗೆದ. ಆ ಫೋಟೋ ನನ್ನ ಹತ್ತಿರವೂ ಇದೆ. ಪ್ರಾಂಶುಪಾಲರು ಬಾಯ್ತುಂಬ ನಗುತ್ತಿದ್ದಾರೆ. ವೈನಿಯ ಒಂದು ಕೈ ಡಿಪ್ಲೊಮಾ ಹಿಡಿದಿದೆ, ಇನ್ನೊಂದು ಕೈ ಎಲ್ಲಿ ನಿಲ್ಲಬೇಕು ಎಂದು ತೋರಿಸುತ್ತಿದೆ.